ಸ್ಟೀಮ್ ಎಂದರೆ ಹಬೆಯೇ, ಆವಿಯೇ, ಉಗಿಯೇ?

ಪದಸಂಗ್ರಾಹಕಿ

ಪ್ರೌಢಶಾಲೆಯ ಮಕ್ಕಳಿಗಾಗಿ ವಿಜ್ಞಾನದ ಒಂದು ಸಣ್ಣ ಪದಕೋಶವನ್ನು ನಾವು ನಾಲ್ಕು ಜನ ಸೇರಿ ಸಿದ್ಧಪಡಿಸುತ್ತಿದ್ದೇವೆ. ಸ್ಟೀಮ್ ಎಂಬ ಪದಕ್ಕೆ ಬಂದು ಮೂರು ದಿನವಾಯಿತು, ಮುಂದೆ ಹೋಗಲು ಆಗಿಲ್ಲ. ಕರಡಿನಲ್ಲಿ 'ಆವಿ, ಹಬೆ, ಉಗಿ, ಬಾಷ್ಪ' ಎಂದು ನಾಲ್ಕನ್ನೂ ಸಾಲಾಗಿ ನಿಲ್ಲಿಸಿದ್ದಾರೆ. ಹೀಗೆ ಬರೆದರೆ ಯಾವುದನ್ನು ಎಲ್ಲಿ ಬೇಕಾದರೂ ಬಳಸಬಹುದು ಎಂದು ಓದುವ ಮಗು ತಿಳಿಯುತ್ತದೆ. ನನ್ನ ಕಿವಿ ಅದನ್ನು ಒಪ್ಪುವುದಿಲ್ಲ. ಬೆವರು ಆವಿಯಾಗುತ್ತದೆ ಎನ್ನುತ್ತೇವೆ, ಹಬೆಯಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಉಗಿಬಂಡಿ ಎನ್ನುತ್ತೇವೆ, ಆವಿಬಂಡಿ ಎಂದು ನಾನಂತೂ ಕೇಳಿಲ್ಲ. ಬಿಸಿನೀರಿನ ಪಾತ್ರೆಯ ಮೇಲೆ ಹಬೆಯಾಡುತ್ತದೆ, ಉಗಿಯಾಡುವುದಿಲ್ಲ. ಅಂದರೆ ಭಾಷೆ ಎಲ್ಲೋ ಗೆರೆ ಎಳೆದಿದೆ. ಆ ಗೆರೆ ಎಲ್ಲಿದೆ ಎಂದು ಬಿಡಿಸಿ ಹೇಳಲು ನನಗೆ ಬರುತ್ತಿಲ್ಲ.

ಇನ್ನೊಂದು ಸಂಗತಿ. ಮೊನ್ನೆ ಯಂತ್ರಾನುವಾದದಿಂದ ಬಂದ ಒಂದು ಪುಟದಲ್ಲಿ 'ನಿಮ್ಮ ಉಗಿ ಖಾತೆಯ ಗುಪ್ತಪದವನ್ನು ನಮೂದಿಸಿ' ಎಂದಿತ್ತು. ಅದು ಯಾವ ಖಾತೆ ಎಂದು ತಿಳಿಯಲು ನನಗೆ ಬಹಳ ಹೊತ್ತು ಹಿಡಿಯಿತು. ನೀವು ನಿಮ್ಮ ನಿಮ್ಮ ಕೆಲಸದಲ್ಲಿ ಸ್ಟೀಮ್ ಎಂಬುದನ್ನು ಯಾವ ಅರ್ಥದಲ್ಲಿ ಬಳಸುತ್ತೀರಿ, ಅದಕ್ಕೆ ಯಾವ ಪದ ಬಾಯಿಗೆ ಬರುತ್ತದೆ, ದಯವಿಟ್ಟು ತಿಳಿಸಿ.

ಆಟಗಾರ

ಆ ಖಾತೆ ಕಂಪ್ಯೂಟರ್ ಆಟಗಳದ್ದು, ಮೇಡಂ. ವಾಲ್ವ್ ಎಂಬ ಅಮೆರಿಕದ ಕಂಪನಿ 2003ರ ಸೆಪ್ಟೆಂಬರ್‌ನಲ್ಲಿ ಸ್ಟೀಮ್ ಎಂಬ ತಂತ್ರಾಂಶವನ್ನು ಹೊರತಂದಿತು. ಮೊದಲಿಗೆ ತನ್ನದೇ ಆಟಗಳಿಗೆ ತಿದ್ದುಪಡಿಗಳನ್ನು ತಲುಪಿಸಲು ಮಾಡಿಕೊಂಡ ವ್ಯವಸ್ಥೆ ಅದು. ಆಮೇಲೆ ಬೇರೆಯವರ ಆಟಗಳೂ ಅಲ್ಲಿ ಮಾರಾಟಕ್ಕೆ ಬಂದವು. ಈಗ ಕಂಪ್ಯೂಟರ್ ಆಟಗಳ ಅತಿ ದೊಡ್ಡ ಅಂಗಡಿಗಳಲ್ಲಿ ಅದೂ ಒಂದು. 2022ರಲ್ಲಿ ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಕೂಡ ಬಂತು. ವಾಲ್ವ್ ಎಂದರೆ ಕವಾಟ. ಕವಾಟ ಮತ್ತು ಉಗಿಯ ನಂಟನ್ನು ನೋಡಿಯೇ ಆ ಹೆಸರು ಇಟ್ಟಂತೆ ಕಾಣುತ್ತದೆ. ಆದರೂ ಅದು ಹೆಸರು. ಮನುಷ್ಯರ ಹೆಸರನ್ನು ನಾವು ಅನುವಾದಿಸುವುದಿಲ್ಲವಲ್ಲ, ಇದನ್ನೂ ಸ್ಟೀಮ್ ಎಂದೇ ಬಿಡಬೇಕು.

ಭೌತಪಾಠ

ಇಪ್ಪತ್ತೆರಡು ವರ್ಷದಿಂದ ಭೌತವಿಜ್ಞಾನ ಕಲಿಸುತ್ತಿದ್ದೇನೆ. ಈ ಪದದಲ್ಲಿ ಮಕ್ಕಳು ಎಡವುವ ಜಾಗ ಒಂದೇ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಮೂತಿ ಇರುವ ಕೆಟಲಿನಲ್ಲಿ ನೀರು ಚೆನ್ನಾಗಿ ಕುದಿಯಲಿ. ಈಗ ಮೂತಿಯನ್ನು ಪಕ್ಕದಿಂದ, ಹಿಂದೆ ಕಪ್ಪು ಬಟ್ಟೆ ಅಥವಾ ಗಾಢ ಬಣ್ಣದ ಗೋಡೆ ಇರುವಂತೆ, ಗಮನವಿಟ್ಟು ನೋಡಿ. ಬಿಳಿಯ ಮೋಡ ಮೂತಿಯ ತುದಿಯಿಂದಲೇ ಶುರುವಾಗುವುದಿಲ್ಲ. ತುದಿಗೂ ಮೋಡಕ್ಕೂ ನಡುವೆ ಒಂದೆರಡು ಬೆರಳಿನಷ್ಟು ಖಾಲಿ ಜಾಗ ಇರುತ್ತದೆ. ಅಲ್ಲಿ ಏನೂ ಕಾಣುವುದಿಲ್ಲ, ಗಾಜಿನಷ್ಟು ತಿಳಿ. ವಿಜ್ಞಾನದಲ್ಲಿ ಸ್ಟೀಮ್ ಎನ್ನುವುದು ಆ ಖಾಲಿ ಜಾಗದಲ್ಲಿ ಇರುವುದಕ್ಕೆ. ಅದು ಅನಿಲರೂಪದ ನೀರು, ಅದಕ್ಕೆ ಬಣ್ಣವಿಲ್ಲ. ಅದರಾಚೆಗೆ ಬಿಳಿಯಾಗಿ ಕಾಣುವುದು ಅನಿಲವಲ್ಲ. ಹೊರಗಿನ ಗಾಳಿ ತಾಗಿ ತಣ್ಣಗಾಗಿ ಮತ್ತೆ ದ್ರವವಾದ ನೀರಿನ ಸಣ್ಣ ಸಣ್ಣ ಹನಿಗಳು. ಮಂಜು, ಮೋಡ ಎಲ್ಲವೂ ಅದೇ ಬಗೆ. ಇನ್ನೂ ಸ್ವಲ್ಪ ಮೇಲಕ್ಕೆ ನೋಡಿದರೆ ಆ ಬಿಳಿಯೂ ಕರಗಿ ಮಾಯವಾಗುತ್ತದೆ, ಏಕೆಂದರೆ ಹನಿಗಳು ಒಣಗಾಳಿಯಲ್ಲಿ ಮತ್ತೆ ಆವಿಯಾಗುತ್ತವೆ. ಒಂದು ಗೇಣಿನ ಅಂತರದಲ್ಲಿ ನೀರು ಅನಿಲವಾಗಿ ಹೊರಟು, ಹನಿಯಾಗಿ ಕಂಡು, ತಿರುಗಿ ಅನಿಲವಾಗುತ್ತದೆ.

ಮಕ್ಕಳಿಗೆ 'ಹಬೆಯನ್ನು ಬರೆಯಿರಿ' ಎಂದರೆ ಎಲ್ಲರೂ ಮೂತಿಗೆ ಅಂಟಿಸಿ ಬಿಳಿ ಮೋಡ ಬರೆಯುತ್ತಾರೆ. ಪಠ್ಯಪುಸ್ತಕಗಳ ಚಿತ್ರಗಳಲ್ಲೂ ಹಾಗೆಯೇ ಇರುತ್ತದೆ. ಅದು ನನಗೆ ನಿಜವಾಗಿ ಬೇಸರ ತರಿಸುವ ವಿಷಯ.

ಅನುವಾದಕ

ಭೌತಪಾಠ ಅವರೇ, ನಿಮ್ಮ ವಿವರಣೆ ಕಣ್ಣಿಗೆ ಕಟ್ಟುವಂತಿದೆ. ಒಂದು ಮಾತಿಗೆ ಮಾತ್ರ ನನ್ನ ತಕರಾರು. ಹಬೆ ಎಂದು ಮಕ್ಕಳು ಬಿಳಿ ಮೋಡ ಬರೆದರೆ ಅದು ತಪ್ಪಲ್ಲ. ಕನ್ನಡದಲ್ಲಿ ಹಬೆ ಎಂದರೆ ಕಣ್ಣಿಗೆ ಕಾಣುವುದೇ. 'ಹಬೆಯಾಡುವ' ಎಂಬ ಮಾತು ಹುಟ್ಟಿರುವುದು ಕಣ್ಣಿನಿಂದ. ತಪ್ಪು ಆಗಿರುವುದು ಇಂಗ್ಲಿಷಿನ ಸ್ಟೀಮ್ ಎಂಬ ಪದದ ಜೊತೆ ಅದನ್ನು ಕುರುಡಾಗಿ ಜೋಡಿಸಿದ್ದರಿಂದ. ಇಂಗ್ಲಿಷಿನಲ್ಲೂ ಸಾಮಾನ್ಯ ಜನ ಆ ಬಿಳಿಯನ್ನೇ ಸ್ಟೀಮ್ ಎನ್ನುತ್ತಾರೆ, ಎಂಜಿನಿಯರ್ ಮಾತ್ರ ಕಾಣದ್ದನ್ನು ಎನ್ನುತ್ತಾನೆ. ಅವರಿಗೆ ಎರಡಕ್ಕೂ ಒಂದೇ ಪದ. ನಮ್ಮಲ್ಲಿ ಪದಗಳು ಬೇರೆ ಬೇರೆಯೇ ಇವೆ. ಇದ್ದ ಬೇರೆತನವನ್ನು ನಾವೇ ಅಲ್ಪವಿರಾಮ ಹಾಕಿ ಅಳಿಸುತ್ತಿದ್ದೇವೆ.

ಭೌತಪಾಠ

ಒಪ್ಪಿದೆ. ಇದನ್ನು ನಾನು ಹೀಗೆ ಯೋಚಿಸಿರಲಿಲ್ಲ. ನಾಳೆಯಿಂದ ತರಗತಿಯಲ್ಲಿ 'ಹಬೆ ಕಾಣುತ್ತದೆ, ಆವಿ ಕಾಣುವುದಿಲ್ಲ' ಎಂದೇ ಶುರು ಮಾಡುತ್ತೇನೆ.

ಬಾಯ್ಲರ್‌ಮನೆ

ಕಾರ್ಖಾನೆಯೊಂದರ ಬಾಯ್ಲರ್ ವಿಭಾಗದಲ್ಲಿ ಪಾಳಿ ಕೆಲಸ ಮಾಡುವವನು ನಾನು. ನಮ್ಮ ಬಾಯಲ್ಲಿ ಅದು ಸ್ಟೀಮ್ ಮಾತ್ರ. ಸ್ಟೀಮ್ ಲೈನ್, ಸ್ಟೀಮ್ ಟ್ರ್ಯಾಪ್, ಸ್ಟೀಮ್ ಪ್ರೆಷರ್. ಉಗಿ ಎಂದು ಪುಸ್ತಕದಲ್ಲಿ ಓದಿದ್ದೇನೆ, ಪಾಳಿಯಲ್ಲಿ ಯಾರೂ ಹೇಳಿದ್ದನ್ನು ಕೇಳಿಲ್ಲ. ಆದರೆ ಈ ಕಾಣುವ, ಕಾಣದ ಮಾತು ಬಂದಿದ್ದರಿಂದ ಬರೆಯಲೇಬೇಕು ಎನಿಸಿತು. ನಮಗೆ ಅದು ಪರೀಕ್ಷೆಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ನಮ್ಮಲ್ಲಿ ಸ್ಟೀಮ್ ಎರಡು ಮೂರು ಬಗೆ. ನೀರಿನ ಹನಿಗಳನ್ನು ಹೊತ್ತುಕೊಂಡು ಬರುವುದು ಒದ್ದೆ ಸ್ಟೀಮ್. ಹನಿಯೇ ಇಲ್ಲದೆ, ಆ ಒತ್ತಡದ ಕುದಿಬಿಂದುವಿನಲ್ಲೇ ನಿಂತಿರುವುದು ಸ್ಯಾಚುರೇಟೆಡ್. ಅದನ್ನು ಇನ್ನೊಂದು ಕೊಳವೆ ಸಾಲಿನಲ್ಲಿ ಹಾಯಿಸಿ ಮತ್ತೆ ಕಾಯಿಸಿದರೆ ಸೂಪರ್‌ಹೀಟೆಡ್. ಗೇಜಿನಲ್ಲಿ 10 ಬಾರ್ ಇದ್ದರೆ ಸ್ಯಾಚುರೇಟೆಡ್ ಸ್ಟೀಮ್ ಸುಮಾರು 184 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಸೂಪರ್‌ಹೀಟ್ ಆದದ್ದು ಅದಕ್ಕಿಂತ ಬಹಳ ಮೇಲೆ. ಅಷ್ಟು ಒತ್ತಡದ, ಅಷ್ಟು ಬಿಸಿಯ ಸ್ಟೀಮ್ ಸಣ್ಣ ತೂತಿನಿಂದ ಸೋರಿದರೆ ಹತ್ತಿರದಲ್ಲಿ ಬಿಳಿ ಎನ್ನುವುದೇ ಇರುವುದಿಲ್ಲ. ಕಿವಿ ಕಿವುಡಾಗುವಂಥ ಶಬ್ದ ಬರುತ್ತದೆ, ಕಣ್ಣಿಗೆ ಏನೂ ಇಲ್ಲ. ಶಬ್ದ ಎಲ್ಲಿಂದ ಎಂದು ಕೈ ಚಾಚಿ ಹುಡುಕಿದರೆ ಮುಗಿಯಿತು.

ನಾನು ಸೇರಿದ ಹೊಸತರಲ್ಲಿ ನಮ್ಮ ಹಿರಿಯ ಆಪರೇಟರ್ ಮಾಡಿದ್ದು ಇವತ್ತಿಗೂ ಕಣ್ಣ ಮುಂದಿದೆ. ಎರಡು ಕೊಳವೆಗಳನ್ನು ಜೋಡಿಸುವ ಫ್ಲ್ಯಾಂಜ್ ಹತ್ತಿರ ಶಿಳ್ಳೆಯಂಥ ಸದ್ದು ಬರುತ್ತಿತ್ತು. ನಮ್ಮೆಲ್ಲರನ್ನೂ ತೋಳು ಅಡ್ಡ ಹಿಡಿದು ಹಿಂದಕ್ಕೆ ನಿಲ್ಲಿಸಿದರು. ಮೂಲೆಯಲ್ಲಿದ್ದ ಉದ್ದ ಹಿಡಿಯ ಪೊರಕೆಯನ್ನು ತಂದು, ಅದನ್ನು ಮುಂದೆ ಚಾಚಿ, ಮೇಲೆ ಕೆಳಗೆ ಆಡಿಸುತ್ತಾ ಒಂದೊಂದೇ ಹೆಜ್ಜೆ ಇಟ್ಟರು. ಒಂದು ಕಡೆ ಪೊರಕೆಯ ಕಡ್ಡಿಗಳು ಕತ್ತರಿಸಿದಂತೆ ಹಾರಿಹೋದವು. ಅಲ್ಲಿ ನನಗೆ ಕಂಡದ್ದು ಬರಿಯ ಗಾಳಿ. 'ಬಿಳಿ ಕಂಡರೆ ಭಯವಿಲ್ಲ, ಬಿಳಿ ಕಾಣುವುದಕ್ಕೆ ಮುಂಚಿನದ್ದನ್ನು ನೋಡಿಕೊಳ್ಳಿ' ಎಂದರು. ಇವತ್ತು ಅಂಥ ಸೋರಿಕೆ ಹುಡುಕಲು ಶಬ್ದ ಹಿಡಿಯುವ ಉಪಕರಣಗಳಿವೆ, ಲೈನ್ ಮುಚ್ಚಿಯೇ ಹತ್ತಿರ ಹೋಗಬೇಕು ಎಂಬ ನಿಯಮವಿದೆ. ಪೊರಕೆ ಹಿಡಿದು ಯಾರೂ ಹೋಗಬಾರದು, ಹೋಗಲು ನಾನು ಬಿಡುವುದೂ ಇಲ್ಲ.

ನಿಮ್ಮ ಪದಕೋಶದಲ್ಲಿ ಬೇರೆ ಏನು ಬರೆದರೂ ಸರಿ, 'ಸ್ಟೀಮ್ ಕಣ್ಣಿಗೆ ಕಾಣುವುದಿಲ್ಲ' ಎಂಬ ಒಂದು ಸಾಲನ್ನು ಬಿಡಬೇಡಿ ಮೇಡಂ.

ಪದಸಂಗ್ರಾಹಕಿ

ಖಂಡಿತ ಬಿಡುವುದಿಲ್ಲ. ನಿಮ್ಮ ಹಿರಿಯರ ಆ ಮಾತನ್ನೂ ಬರೆದಿಟ್ಟುಕೊಂಡೆ.

ಒಂದು ಸಂದೇಹ. ಕುದಿಯುವ ನೀರು ಚೆಲ್ಲಿದ್ದಕ್ಕಿಂತ ಹಬೆ ತಾಗಿದ ಸುಟ್ಟಗಾಯ ಜೋರು ಎನ್ನುತ್ತಾರೆ. ಎರಡೂ 100 ಡಿಗ್ರಿಯೇ ಇದ್ದರೆ ಹೇಗೆ?

ಭೌತಪಾಠ

ಗುಪ್ತೋಷ್ಣದಿಂದ. 1 ಕಿಲೋಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ತರಲು ಸುಮಾರು 419 ಕಿಲೋಜೂಲ್ ಶಾಖ ಸಾಕು. ಆದರೆ ಅದೇ 100 ಡಿಗ್ರಿಯ ನೀರನ್ನು 100 ಡಿಗ್ರಿಯ ಆವಿಯಾಗಿ ಮಾಡಲು ಇನ್ನೂ 2,257 ಕಿಲೋಜೂಲ್ ಬೇಕು. ಉಷ್ಣಮಾಪಕದ ಪಾದರಸ ಒಂದು ಕೂದಲಿನಷ್ಟೂ ಏರುವುದಿಲ್ಲ, ಶಾಖವನ್ನು ಮಾತ್ರ ನೀರು ನುಂಗುತ್ತಲೇ ಇರುತ್ತದೆ. ಇದನ್ನು 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಅಳೆದು ತೋರಿಸಿದರು. ಆವಿ ಚರ್ಮಕ್ಕೆ ತಾಗಿ ನೀರಾದಾಗ ನುಂಗಿದ್ದೆಲ್ಲವನ್ನೂ ಅಲ್ಲೇ ಕಕ್ಕುತ್ತದೆ. ಬಿಸಿನೀರು ತನ್ನ ಬಿಸಿಯನ್ನು ಮಾತ್ರ ಕೊಡುತ್ತದೆ. ಆವಿ ಮೊದಲು ಗುಪ್ತೋಷ್ಣವನ್ನು ಕೊಟ್ಟು, ಆಮೇಲೆ ಬಿಸಿನೀರಾಗಿ ಉಳಿದದ್ದನ್ನೂ ಕೊಡುತ್ತದೆ.

ಶುಶ್ರೂಷಕಿ

ಭೌತಪಾಠ ಅವರು ಹೇಳಿದ ಗುಪ್ತೋಷ್ಣದ ಮೇಲೆಯೇ ನಮ್ಮ ವಿಭಾಗ ನಿಂತಿದೆ. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಕ್ರಿಮಿಶುದ್ಧ ಮಾಡುವ ಕೆಲಸ ನನ್ನದು. ಆಟೋಕ್ಲೇವ್ ಎಂಬ ಬಿಗಿಮುಚ್ಚಳದ ಯಂತ್ರದಲ್ಲಿ 121 ಡಿಗ್ರಿಯ ಉಗಿ 15 ನಿಮಿಷದಲ್ಲಿ ಮಾಡುವ ಕೆಲಸಕ್ಕೆ ಒಣ ಬಿಸಿಗಾಳಿಯ ಒಲೆಯಲ್ಲಿ 160 ಡಿಗ್ರಿಯಲ್ಲಿ 2 ಗಂಟೆ ಬೇಕು. ಸೇರಿದ ಹೊಸತರಲ್ಲಿ ಈ ಲೆಕ್ಕ ತಲೆಗೆ ಹತ್ತಿರಲಿಲ್ಲ. ಉಗಿ ಉಪಕರಣದ ಮೈಮೇಲೆ ನೀರಾಗಿ ಕೂರುವಾಗ ಶಾಖವನ್ನು ಸುರಿಯುತ್ತದೆ, ಜೊತೆಗೆ ಆ ತೇವವೇ ಸೂಕ್ಷ್ಮಾಣುಗಳ ಪ್ರೋಟೀನನ್ನು ಬೇಗ ಕೆಡಿಸುತ್ತದೆ.

ಹಾಗಾಗಿ ನಮಗೆ ಶತ್ರು ಎಂದರೆ ಒಳಗೆ ಉಳಿದ ಗಾಳಿ. ಪೊಟ್ಟಣದೊಳಗೆ ಒಂದು ಮುಷ್ಟಿ ಗಾಳಿ ಸಿಕ್ಕಿಕೊಂಡರೆ ಅಲ್ಲಿಗೆ ಉಗಿ ತಲುಪುವುದಿಲ್ಲ. ಮಾಪಕ ಸರಿಯಾದ ಅಂಕಿ ತೋರಿಸುತ್ತಿದ್ದರೂ ಆ ಜಾಗ ಶುದ್ಧವಾಗಿರುವುದಿಲ್ಲ. ಗಾಳಿಯನ್ನು ಪಂಪಿನಿಂದ ಎಳೆದು ತೆಗೆಯುವ ಯಂತ್ರಗಳಲ್ಲಿ ದಿನದ ಮೊದಲ ಲೋಡ್‌ಗೆ ಮುಂಚೆ ಬೋವಿ-ಡಿಕ್ ಪರೀಕ್ಷೆ ಮಾಡುತ್ತೇವೆ. ಒಂದು ಹಾಳೆಯನ್ನು ಪೊಟ್ಟಣದ ನಡುವೆ ಇಟ್ಟು ಯಂತ್ರ ಓಡಿಸಿದರೆ, ಉಗಿ ಎಲ್ಲ ಕಡೆ ಹೊಕ್ಕಿದ್ದರೆ ಹಾಳೆಯ ಬಣ್ಣ ಅಂಚಿನಿಂದ ನಡುವಿನವರೆಗೆ ಒಂದೇ ಸಮ ಬದಲಾಗಿರುತ್ತದೆ. ನಡುವೆ ತೆಳು ಮಚ್ಚೆ ಉಳಿದರೆ ಆ ಯಂತ್ರವನ್ನು ಆ ದಿನ ಮುಟ್ಟುವುದಿಲ್ಲ. ಒಮ್ಮೆ ಹೆಬ್ಬೆರಳಿನ ಉಗುರಿನಷ್ಟೇ ಮಚ್ಚೆ ಉಳಿದಿತ್ತು. ಶಸ್ತ್ರಚಿಕಿತ್ಸೆಗಳು ತಡವಾಗುತ್ತವೆ ಎಂದು ಎಷ್ಟು ಒತ್ತಾಯ ಬಂದರೂ ನಾವು ಯಂತ್ರ ತೆರೆಯಲಿಲ್ಲ. ಆ ದಿನದ ನಿರ್ಧಾರದ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ.

ಆಟೋಕ್ಲೇವ್ 1879ರಲ್ಲಿ ಷಾರ್ಲ್ ಶಾಂಬರ್ಲಾಂ ರೂಪಿಸಿದ್ದು. ಅದಕ್ಕೂ 200 ವರ್ಷ ಮುಂಚೆ, 1679ರಲ್ಲಿ ದೆನಿ ಪಾಪ್ಯಾಂ ಮಾಡಿದ ಬಿಗಿ ಮುಚ್ಚಳದ ಪಾತ್ರೆ ಅದರ ಹಿರಿಯಜ್ಜ. ಮನೆಯ ಕುಕ್ಕರ್ ಕೂಡ ಅದೇ ವಂಶದ್ದು.

ಎರಡುಮಕ್ಕಳತಾಯಿ

ನೆಗಡಿಯಾದಾಗ ಮಕ್ಕಳಿಗೆ ಹಬೆ ಕೊಡಬಹುದೇ? ಮನೆಯಲ್ಲಿ ಬೋಗುಣಿಯಲ್ಲಿ ಬಿಸಿನೀರು ಇಟ್ಟು ಬಟ್ಟೆ ಮುಸುಕು ಹಾಕುವುದು ರೂಢಿ.

ಶುಶ್ರೂಷಕಿ

ಬೇಡ, ದಯವಿಟ್ಟು ಮಕ್ಕಳಿಗೆ ಹಾಗೆ ಮಾಡಬೇಡಿ. ಮುಸುಕಿನೊಳಗೆ ಮಗು ಕೈಕಾಲು ಆಡಿಸಿದರೆ ಬೋಗುಣಿ ಮಡಿಲಿಗೆ ಮಗುಚುತ್ತದೆ. ಹೀಗೆ ತೊಡೆ, ಹೊಟ್ಟೆ ಸುಟ್ಟುಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ. ಹಬೆಯಿಂದ ನೆಗಡಿ ಬೇಗ ವಾಸಿಯಾಗುತ್ತದೆ ಎನ್ನಲು ಗಟ್ಟಿಯಾದ ಪುರಾವೆಯೂ ಇಲ್ಲ. ದೊಡ್ಡವರಿಗೆ ಮೂಗು ಸ್ವಲ್ಪ ಹೊತ್ತು ಹಗುರವಾದಂತೆ ಅನಿಸಬಹುದು, ಅಷ್ಟೆ. ಮಗುವಿಗೆ ಉಸಿರಾಟ ಕಷ್ಟವಾಗುತ್ತಿದ್ದರೆ ವೈದ್ಯರಿಗೆ ತೋರಿಸಿ.

ಹಳೆಎಂಜಿನ್

ಉಗಿಬಂಡಿಯ ಮಾತು ಬಂದಿದೆ, ಸುಮ್ಮನಿರಲು ಆಗುವುದಿಲ್ಲ. ಕನ್ನಡದಲ್ಲಿ ರೈಲಿಗೆ ಉಗಿಬಂಡಿ, ಹೊಗೆಬಂಡಿ, ಧೂಮಶಕಟ ಎಂಬ ಹೆಸರುಗಳಿವೆ. ಹೊಗೆಬಂಡಿ, ಧೂಮಶಕಟ ಎಂದವರು ದೂರದಿಂದ ನೋಡಿದ್ದನ್ನು ಹೇಳಿದ್ದಾರೆ. ಉಗಿಬಂಡಿ ಎಂದವರು ಒಳಗೆ ಏನು ಕೆಲಸ ಮಾಡುತ್ತದೆ ಎಂಬುದನ್ನು ಹೇಳಿದ್ದಾರೆ. ಚಿಮಣಿಯಿಂದ ಹೊಗೆ ಮತ್ತು ಉಗಿ ಎರಡೂ ಒಟ್ಟಿಗೆ ಬರುತ್ತಿದ್ದುದರಿಂದ ಎರಡು ಹೆಸರೂ ನಿಜವೇ. ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿಯನ್ನು ಚಿಮಣಿಯ ಬುಡದಲ್ಲಿ ಮೇಲ್ಮುಖವಾಗಿ ಊದಿಬಿಡುತ್ತಾರೆ. ಅದು ಹೋಗುವಾಗ ಬೆಂಕಿಗೂಡಿನ ಹೊಗೆಯನ್ನು ತನ್ನ ಜೊತೆ ಸೆಳೆದುಕೊಂಡು ಹೋಗುತ್ತದೆ, ಹಿಂದೆಯೇ ಹೊಸ ಗಾಳಿ ನುಗ್ಗಿ ಬೆಂಕಿ ಉರಿಯುತ್ತದೆ. ಎಂಜಿನ್ ಎಷ್ಟು ದುಡಿಯುತ್ತದೆಯೋ ಬೆಂಕಿಯೂ ಅಷ್ಟೇ ಜೋರಾಗುತ್ತದೆ. ನಾವು ಕೇಳುವ 'ಛಕ್ ಛಕ್' ಆ ಊದುವಿಕೆಯ ಸದ್ದು. ಎರಡು ಸಿಲಿಂಡರಿನ ಸಾಮಾನ್ಯ ಎಂಜಿನ್ನಿನಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ನಾಲ್ಕು ಛಕ್. ಶಬ್ದ ಎಣಿಸುತ್ತಾ ವೇಗ ಹೇಳುವವರು ಇದ್ದರು.

ಇನ್ನು 'ಸ್ಟೀಮ್ ಎಂಜಿನ್' ಎಂಬ ಹೆಸರಿನ ಬಗ್ಗೆ. ಗಣಿಗಳಿಂದ ನೀರೆತ್ತಲು ಥಾಮಸ್ ನ್ಯೂಕಮೆನ್ 1712ರಲ್ಲಿ ನಿಲ್ಲಿಸಿದ ಯಂತ್ರದಲ್ಲಿ ಕೆಲಸ ಮಾಡಿದ್ದು ಉಗಿಯ ಒತ್ತಡವಲ್ಲ. ಸಿಲಿಂಡರಿಗೆ ಉಗಿ ತುಂಬಿಸಿ, ಒಳಗೆ ತಣ್ಣೀರು ಚಿಮುಕಿಸುತ್ತಿದ್ದರು. ಉಗಿ ತಟ್ಟನೆ ನೀರಾಗಿ ಕುಸಿಯುತ್ತಿತ್ತು. 1 ಲೀಟರ್ ನೀರು 100 ಡಿಗ್ರಿಯಲ್ಲಿ ಆವಿಯಾದರೆ ಸುಮಾರು 1,600 ಲೀಟರ್ ಜಾಗ ತುಂಬುತ್ತದೆ. ತಿರುಗಿ ನೀರಾದಾಗ ಆ ಜಾಗವೆಲ್ಲ ಬರಿದು. ಆಗ ಹೊರಗಿನ ಗಾಳಿಯ ಭಾರ ಪಿಸ್ಟನನ್ನು ಕೆಳಕ್ಕೆ ಒತ್ತುತ್ತಿತ್ತು. ಉಗಿ ಅಲ್ಲಿ ಇಲ್ಲವಾಗುವುದರಿಂದಲೇ ಕೆಲಸ ನಡೆಯುತ್ತಿತ್ತು.

ಪ್ರತಿ ಸಲ ಸಿಲಿಂಡರನ್ನು ಕಾಯಿಸುವುದು, ತಣಿಸುವುದು, ಮತ್ತೆ ಕಾಯಿಸುವುದು. ಕಲ್ಲಿದ್ದಲು ಮಿತಿಯಿಲ್ಲದೆ ಸುರಿಯಬೇಕಿತ್ತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ ನ್ಯೂಕಮೆನ್ ಯಂತ್ರದ ಒಂದು ಚಿಕ್ಕ ಮಾದರಿಯನ್ನು ದುರಸ್ತಿ ಮಾಡಲು ಕೂತ ಜೇಮ್ಸ್ ವಾಟ್‌ಗೆ ಈ ವ್ಯರ್ಥ ಕಣ್ಣಿಗೆ ಬಿತ್ತು. ಉಗಿಯನ್ನು ಬೇರೊಂದು ಪಾತ್ರೆಗೆ ಎಳೆದು ಅಲ್ಲಿ ತಣಿಸಿದರೆ ಸಿಲಿಂಡರ್ ಸದಾ ಬಿಸಿಯಾಗಿಯೇ ಇರಬಹುದಲ್ಲ ಎಂದು 1765ರಲ್ಲಿ ಹೊಳೆಯಿತು, 1769ರಲ್ಲಿ ಪೇಟೆಂಟ್ ಸಿಕ್ಕಿತು. ಕೆಟಲ್ ಮುಚ್ಚಳ ಕುಣಿಯುವುದನ್ನು ನೋಡಿ ಹುಡುಗ ವಾಟ್ ಉಗಿಯಂತ್ರ ಕಂಡುಹಿಡಿದ ಎಂಬ ಕತೆಯನ್ನು ಮಕ್ಕಳಿಗೆ ಹೇಳುವುದನ್ನು ನಿಲ್ಲಿಸಬೇಕು. ವಾಟ್ 1736ರಲ್ಲಿ ಹುಟ್ಟುವ ಹೊತ್ತಿಗೆ ಉಗಿಯಂತ್ರಗಳು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ನೀರೆತ್ತುತ್ತಿದ್ದವು. ಅವರು ಮಾಡಿದ್ದು ಅದಕ್ಕಿಂತ ಕಷ್ಟದ, ಸೂಕ್ಷ್ಮವಾದ ಕೆಲಸ.

ಉಗಿಯ ಒತ್ತಡವನ್ನೇ ನೇರವಾಗಿ ದುಡಿಸಿ, 1804ರಲ್ಲಿ ವೇಲ್ಸ್‌ನಲ್ಲಿ ಹಳಿಯ ಮೇಲೆ ಬಂಡಿ ಎಳೆಸಿದವರು ರಿಚರ್ಡ್ ಟ್ರೆವಿಥಿಕ್. ಉಗಿ ಎಂಬ ಪದದ ಪೂರ್ತಿ ಬಲ ನನಗೆ ಕೇಳಿಸುವುದು ಅಲ್ಲಿಂದ.

ಬಾಯ್ಲರ್‌ಮನೆ

ಹಳೆಎಂಜಿನ್ ಸರ್ ಹೇಳಿದ ಕುಸಿಯುವ ಉಗಿ ನಮಗೆ ಇವತ್ತಿಗೂ ಕಾಟ ಕೊಡುತ್ತದೆ. ಲೈನಿನಲ್ಲಿ ತಣ್ಣಗಾಗಿ ನಿಂತ ನೀರಿನ ಮೇಲೆ ಹೊಸ ಸ್ಟೀಮ್ ಬಿಟ್ಟರೆ, ನೀರಿನ ಗಡ್ಡೆ ಗುಂಡಿನಂತೆ ಓಡಿ ತಿರುವಿಗೆ ಬಡಿಯುತ್ತದೆ. ಅದಕ್ಕೆ ವಾಟರ್ ಹ್ಯಾಮರ್ ಎನ್ನುತ್ತೇವೆ. ಸುತ್ತಿಗೆಯಿಂದ ಕೊಳವೆಗೆ ಹೊಡೆದಂಥ ಸದ್ದು ಬರುತ್ತದೆ, ಕೊಳವೆ ಬಿರಿಯುವುದೂ ಉಂಟು. ಅದಕ್ಕೇ ಬೆಳಗಿನ ಪಾಳಿಯಲ್ಲಿ ವಾಲ್ವನ್ನು ಕೂದಲೆಳೆಯಷ್ಟು ತೆರೆದು, ನೀರು ಬಸಿದು, ಲೈನ್ ಬೆಚ್ಚಗಾದ ಮೇಲೆಯೇ ಪೂರ್ತಿ ತೆರೆಯುತ್ತೇವೆ.

ವಿದ್ಯಾರ್ಥಿ

ಉಗಿಬಂಡಿಗಳು ಹೋದವು, ಹಾಗಾದರೆ ಉಗಿ ಎಂಬ ಪದವೂ ಹಳೆಯದಾಯಿತಲ್ಲವೇ?

ಭೌತಪಾಠ

ಇಲ್ಲ. ನೀವು ಈ ಪ್ರಶ್ನೆ ಬರೆದ ಮೊಬೈಲಿಗೆ ವಿದ್ಯುತ್ ಬಂದದ್ದು ಉಗಿಯಿಂದಲೇ ಇರಬಹುದು. ಕಲ್ಲಿದ್ದಲು ಸುಡುವ ಸ್ಥಾವರ, ಪರಮಾಣು ಸ್ಥಾವರ, ಭೂಶಾಖದ ಸ್ಥಾವರ, ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಸೇರಿಸುವ ಸೌರ ಸ್ಥಾವರ, ಇವುಗಳಲ್ಲಿ ಬೆಂಕಿ ಬೇರೆ ಬೇರೆ, ಕೊನೆಗೆ ತಿರುಗುವುದು ಬಹುಪಾಲು ಉಗಿಯ ಟರ್ಬೈನೇ. ಪರಮಾಣು ಎಂದರೆ ಏನೋ ಅದ್ಭುತ ರೀತಿಯಲ್ಲಿ ನೇರವಾಗಿ ವಿದ್ಯುತ್ ಹುಟ್ಟುತ್ತದೆ ಎಂದು ಬಹಳ ಮಕ್ಕಳು ನಂಬಿರುತ್ತಾರೆ. ಅಲ್ಲಿಯೂ ನೀರು ಕಾಯಿಸುತ್ತಾರೆ. ಇಂದಿನ ಬಗೆಯ ಉಗಿ ಟರ್ಬೈನನ್ನು ಚಾರ್ಲ್ಸ್ ಪಾರ್ಸನ್ಸ್ 1884ರಲ್ಲಿ ರೂಪಿಸಿದರು.

ಪತ್ರಿಕೆಗಳಲ್ಲಿ ಮಾಲಿನ್ಯದ ಸುದ್ದಿಗೆ ಸೊಂಟ ಸಣ್ಣಗಿರುವ ದೊಡ್ಡ ಗೋಪುರಗಳ ಚಿತ್ರ ಹಾಕುತ್ತಾರಲ್ಲ, ಅದು ತಂಪು ಮಾಡುವ ಗೋಪುರ. ಅದರ ಮೇಲಿನ ಬಿಳಿ ಹೊಗೆಯಲ್ಲ, ನೀರಿನ ಹನಿ. ಇಲ್ಲಿ ಹೊಗೆ ಮತ್ತು ಹಬೆಯ ನಡುವಿನ ಗೆರೆಯನ್ನು ಎಳೆಯುವುದು ಪತ್ರಕರ್ತರ ಹೊಣೆ.

ನಿಘಂಟುಪ್ರಿಯ

ಬಾಷ್ಪದ ಬಗ್ಗೆ ಇನ್ನೂ ಯಾರೂ ಮಾತೆತ್ತಿಲ್ಲ. ನನಗೆ ಈ ನಾಲ್ಕರಲ್ಲಿ ಅತ್ಯಂತ ಪ್ರಿಯವಾದ ಪದ ಅದು. ಸಂಸ್ಕೃತದಲ್ಲಿ ಬಾಷ್ಪಕ್ಕೆ ಆವಿ ಎಂಬ ಅರ್ಥವೂ ಇದೆ, ಕಣ್ಣೀರು ಎಂಬ ಅರ್ಥವೂ ಇದೆ. ಕನ್ನಡ ಎರಡನ್ನೂ ಉಳಿಸಿಕೊಂಡಿದೆ. ವಿಜ್ಞಾನದ ತರಗತಿಯಲ್ಲಿ ಬಾಷ್ಪೀಕರಣ, ಬಾಷ್ಪವಿಸರ್ಜನೆ ಎನ್ನುತ್ತೇವೆ. ಅಗಲಿದವರನ್ನು ನೆನೆದು ಬಾಷ್ಪಾಂಜಲಿ ಸಲ್ಲಿಸುತ್ತೇವೆ. ಸಂತೋಷ ಉಕ್ಕಿದರೆ ಆನಂದಬಾಷ್ಪ. 'ಗಿಡಗಳು ಬಾಷ್ಪವಿಸರ್ಜನೆ ಮಾಡುತ್ತವೆ ಎಂದರೆ ಅಳುತ್ತವೆಯೇ' ಎಂದು ಹುಡುಗಿಯೊಬ್ಬಳು ನನ್ನನ್ನು ಕೇಳಿದ್ದಳು. ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ಎದೆಯೊಳಗಿನ ಬಿಸಿ ಕಣ್ಣಿನಲ್ಲಿ ಹನಿಯಾಗುವುದನ್ನು ಕಂಡ ಜನ ಎರಡಕ್ಕೂ ಒಂದೇ ಹೆಸರಿಟ್ಟಿದ್ದರೆ ಅದರಲ್ಲಿ ಆಶ್ಚರ್ಯವೇನು? ಹಿಂದಿಯ ಭಾಪ್ ಕೂಡ ಈ ಬಾಷ್ಪದಿಂದಲೇ ಬಂದದ್ದು.

ಆವಿ ನಮ್ಮ ದ್ರಾವಿಡ ಪದ. ತೆಲುಗಿನಲ್ಲಿ ಆವಿರಿ. ತಮಿಳಿನಲ್ಲಿ ಆವಿ ಎಂದರೆ ನೀರಾವಿಯೂ ಹೌದು, ಉಸಿರು, ಪ್ರಾಣ ಎಂದೂ ಹೌದು. ಕಾಣದೆ ಇದ್ದು, ಹೊರಟರೆ ತಿರುಗಿ ಸಿಗದಂಥದ್ದು ಎಂಬ ಅರ್ಥದ ನೆರಳು ಕನ್ನಡದಲ್ಲೂ ಇದೆ. ಉಳಿತಾಯವೆಲ್ಲ ಆವಿಯಾಯಿತು ಎನ್ನುತ್ತೇವೆ. ಅಲ್ಲಿ ಹಬೆ, ಉಗಿ ಯಾವುದೂ ಕೂರುವುದಿಲ್ಲ.

ಪದಸಂಗ್ರಾಹಕಿ

ಬಾಷ್ಪಾಂಜಲಿ ಎಂಬ ಪದವನ್ನು ಸಾವಿರ ಸಲ ಓದಿದ್ದರೂ ಅದರೊಳಗಿನ ಆವಿ ನನಗೆ ಇವತ್ತೇ ಕಂಡದ್ದು. ಬಹಳ ಕೃತಜ್ಞತೆಗಳು.

ಅನುವಾದಕ

ಮಾತಿನ ಬಳಕೆಗಳನ್ನೂ ಸೇರಿಸಿಬಿಡಿ. ಇಂಗ್ಲಿಷ್ ಜನರ ಬದುಕಿನೊಳಗೆ ಉಗಿಯಂತ್ರ ಎಷ್ಟು ಆಳವಾಗಿ ಹೊಕ್ಕಿತ್ತೆಂದರೆ ಅವರ ನುಡಿಗಟ್ಟುಗಳು ಬಾಯ್ಲರ್‌ಮನೆಯಿಂದ ಎದ್ದು ಬಂದಿವೆ. 'ಲೆಟ್ ಆಫ್ ಸ್ಟೀಮ್' ಎಂಬುದನ್ನು 'ಹಬೆ ಹೊರಹಾಕಿದ' ಎಂದು ಅನುವಾದಿಸಿದ ಕತೆಗಳನ್ನು ತಿದ್ದಿ ತಿದ್ದಿ ಸಾಕಾಗಿದೆ. ಸೇಫ್ಟಿ ವಾಲ್ವ್ ಕಂಡವರಿಗೆ ಆ ಮಾತು ಹೊಳೆಯುತ್ತದೆ. ಕನ್ನಡದಲ್ಲಿ ಎದೆಯ ಭಾರ ಇಳಿಸಿಕೊಂಡ, ಒಳಗಿದ್ದುದನ್ನೆಲ್ಲ ಕಾರಿಕೊಂಡ ಎನ್ನಬೇಕು. 'ರನ್ ಔಟ್ ಆಫ್ ಸ್ಟೀಮ್' ಎಂದರೆ ಕಸುವು ಉಡುಗಿತು, ಹುರುಪು ಇಳಿಯಿತು. 'ಅಂಡರ್ ಒನ್ಸ್ ಓನ್ ಸ್ಟೀಮ್' ಎಂಬುದಕ್ಕೆ ಸ್ವಂತ ಬಲದಿಂದ ಎಂದರೆ ಧಾರಾಳ ಸಾಕು.

ಕುದಿಯುವುದು ಮಾತ್ರ ಎರಡೂ ಕಡೆ ಇದೆ. ಸಿಟ್ಟಿನಲ್ಲಿ ಕುದಿಯುತ್ತಿದ್ದ ಎಂದು ನಾವು ಹೇಳಲು ಯಂತ್ರ ಬೇಕಾಗಲಿಲ್ಲ, ಒಲೆಯೇ ಸಾಕಾಯಿತು.

ಶಿಕ್ಷಕಿ

ಇನ್ನೊಂದು ಸ್ಟೀಮ್ ಇದೆ, ಶಿಕ್ಷಣದ ಸುತ್ತೋಲೆಗಳಲ್ಲಿ ಬರುವುದು. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಎಂಬುವುಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿದರೆ ಸ್ಟೆಮ್. ಅದಕ್ಕೆ ಕಲೆಯನ್ನು ಸೇರಿಸಿದಾಗ ಸ್ಟೀಮ್. ಅಮೆರಿಕದ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್ ಈ ಸೇರ್ಪಡೆಗಾಗಿ ಬಹಳ ದುಡಿಯಿತು. ಹೆಸರು ಕೇಳಿ ಕೆಲವರು ಉಗಿಯಂತ್ರದ ಪಾಠ ಎಂದುಕೊಂಡದ್ದುಂಟು. ಕಲೆಯನ್ನು ಅಲಂಕಾರಕ್ಕೆ ಅಂಟಿಸದೆ ನಿಜವಾಗಿ ಕಲಿಸಿದರೆ ನನಗೆ ಆ ಪದದ ಮೇಲೆ ಪ್ರೀತಿಯಿದೆ. ಅದನ್ನೂ ಲಿಪ್ಯಂತರ ಮಾಡಿ, ಅನುವಾದಿಸಬೇಡಿ.

ಬಾಯ್ಲರ್‌ಮನೆ

ಭೌತಪಾಠ ಸರ್, ನಿಮಗೆ ಒಂದು ಪ್ರಶ್ನೆ. ದೊಡ್ಡ ವಿದ್ಯುತ್ ಸ್ಥಾವರಗಳಲ್ಲಿ ಒತ್ತಡ 221 ಬಾರ್, ಉಷ್ಣತೆ 374 ಡಿಗ್ರಿ ದಾಟಿಸಿ ಓಡಿಸುತ್ತಾರೆ. ಅಲ್ಲಿ ನೀರು ಕುದಿಯುವುದೇ ಇಲ್ಲ, ಗುಳ್ಳೆ ಏಳುವುದಿಲ್ಲ, ನೀರು ಎಲ್ಲಿ ಮುಗಿದು ಸ್ಟೀಮ್ ಎಲ್ಲಿ ಶುರುವಾಯಿತು ಎಂದು ತೋರಿಸುವ ಮಟ್ಟವೇ ಇರುವುದಿಲ್ಲ. ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತೀರಿ?

ಭೌತಪಾಠ

ಅಲ್ಲಿ ಗುಪ್ತೋಷ್ಣವೂ ಸೊನ್ನೆ. ಹಬೆಯೂ ಅಲ್ಲ, ಆವಿಯೂ ಅಲ್ಲ, ನೀರೂ ಅಲ್ಲ. ನೀರು, ಆವಿ ಎಂಬ ಭೇದ ಅಳಿಯುವ ಆ ಹಂತಕ್ಕೆ ಕ್ರಾಂತಿಬಿಂದು ಎನ್ನುತ್ತಾರೆ, ಹಾಗಾಗಿ ಕ್ರಾಂತಿಬಿಂದುವನ್ನು ಮೀರಿದ ದ್ರವ್ಯ ಎಂದು ಬರೆಯಬಹುದು. ಆದರೆ ಅದು ಟರ್ಬೈನಿನೊಳಗೆ ಹೊಕ್ಕು ತಳ್ಳುವಾಗ ಉಗಿ ಎನ್ನಲು ನನಗೆ ಅಡ್ಡಿ ಕಾಣುವುದಿಲ್ಲ.

ಪದಸಂಗ್ರಾಹಕಿ

ಇವತ್ತು ನಾವು ನಾಲ್ವರೂ ಕೂತು ನಮೂದನ್ನು ತಿದ್ದಿದೆವು. ಈಗ ಹೀಗಿದೆ:

ಸ್ಟೀಮ್. ಅನಿಲರೂಪದ ಬಿಸಿ ನೀರು, ಕಣ್ಣಿಗೆ ಕಾಣುವುದಿಲ್ಲ. ಯಾವ ಉಷ್ಣತೆಯಲ್ಲಾದರೂ ನೀರು ಅನಿಲವಾದರೆ ಅದು ಆವಿ: ಬೆವರು ಆವಿಯಾಯಿತು, ಗಾಳಿಯಲ್ಲಿ ನೀರಾವಿ ಇದೆ. ಒತ್ತಡದಲ್ಲಿ ಹಿಡಿದು ಕೆಲಸಕ್ಕೆ ಹಚ್ಚಿದರೆ ಉಗಿ: ಉಗಿಯಂತ್ರ, ಉಗಿ ಟರ್ಬೈನ್. ತಣಿದು ಬಿಳಿಯಾಗಿ ಕಂಡರೆ ಹಬೆ: ಪಾತ್ರೆಯ ಮೇಲೆ ಹಬೆಯಾಡುತ್ತಿದೆ. ಬಾಷ್ಪ, ಆವಿಗೆ ಸಂಸ್ಕೃತದ ಪದ. ಕಣ್ಣೀರು ಎಂಬ ಅರ್ಥವೂ ಇದೆ. ಕೊಳವೆಯಿಂದ ಸೋರುವ ಉಗಿ ಬಿಳಿಯಾಗುವುದಕ್ಕೆ ಮುಂಚಿನ ಜಾಗದಲ್ಲೇ ಹೆಚ್ಚು ಅಪಾಯ.

ಹಬೆಯಂತ್ರ ಎಂಬ ಬಳಕೆಯೂ ಅಚ್ಚಿನಲ್ಲಿದೆ ಎಂದು ನಮ್ಮಲ್ಲಿ ಒಬ್ಬರು ಪಟ್ಟು ಹಿಡಿದರು, ಅವರ ಮಾತು ನಿಜ. ಅದನ್ನು ತಪ್ಪು ಎನ್ನದೆ, ರೂಢಿಯಲ್ಲಿದೆ ಎಂದು ಗುರುತಿಸಿದ್ದೇವೆ.

ಬರೆಯುವುದಕ್ಕೆ ಮುಂಚೆ ಭೌತಪಾಠ ಅವರು ಹೇಳಿದ್ದನ್ನು ನೋಡಿಯೇ ಬಿಡೋಣ ಎಂದು ಕೆಟಲ್ ಇಟ್ಟೆವು. ಹಿಂದೆ ಕಪ್ಪು ಶಾಲು ಹಿಡಿದೆವು. ಮೂತಿಯ ಮುಂದೆ ಒಂದೂವರೆ ಬೆರಳಿನಷ್ಟು ತಿಳಿ ಜಾಗ, ಅದರಾಚೆ ಬಿಳಿ. ತಣ್ಣನೆಯ ಉದ್ದ ಚಮಚವನ್ನು ಇಕ್ಕಳದಲ್ಲಿ ಹಿಡಿದು, ಏನೂ ಕಾಣದ ಆ ಜಾಗಕ್ಕೆ ಒಡ್ಡಿದೆ. ಚಮಚ ಮಂಕಾಗಿ, ತುದಿಯಲ್ಲಿ ಹನಿ ಕಟ್ಟಿ ತೊಟ್ಟಿಕ್ಕಿತು. ಆಮೇಲೆ ಉರಿಯುವ ಮೇಣದಬತ್ತಿಯನ್ನು ಬಿಳಿ ಮೋಡದ ಕೆಳಗೆ ತಂದೆವು. ಜ್ವಾಲೆಯ ನೇರಕ್ಕೆ ಮೋಡದಲ್ಲಿ ಒಂದು ಕಿಂಡಿ ಬಿತ್ತು, ಅದರೊಳಗಿನಿಂದ ಕಪ್ಪು ಶಾಲಿನ ನೂಲು ಕಾಣಿಸಿತು.